ನೂರಿಪ್ಪತ್ತು ಪಿನ್ನಿನ ಲಂಗ

"ನೀನು ಸ್ಟೇಜು ಹತ್ತಿದ ದಿನ ಮಿಣಮಿಣ ಅನ್ನೋ ಲಂಗ ಹಾಕ್ಸೋದು ನನ್ನ ಜವಾಬ್ದಾರಿ" ಎಂದು ನಾನು ಜಯಾಳಿಗೆ ಮಾತು ಕೊಟ್ಟಾಗ ಅವಳಿಗೆ ಐದು ವರ್ಷ. ಶಿವಮೊಗ್ಗದ ಗಾಂಧಿಬಜಾರಿನ ಬಟ್ಟೆ ಅಂಗಡಿಯೊಂದರ ಮುಂದೆ ಚಮಕಿ ಲಂಗ ತೂಗುಹಾಕಿದ್ದರು. ಅದರ ಕೆಳಗೆ ಮುಖ ಮೇಲೆತ್ತಿ ನಿಂತವಳು ಕೈಹಿಡಿದು ಎಳೆದರೂ ಅಲುಗಲಿಲ್ಲ. ರೈಲಿಗೆ ಹೊತ್ತಾಗುತ್ತಿತ್ತು. ಆ ಗಳಿಗೆಗೆ ಬಾಯಿಗೆ ಬಂದದ್ದನ್ನು ಹೇಳಿದೆ. ತಕ್ಷಣ ನಡೆದಳು. ನಾನು ಮರೆತೆ, ಅವಳು ಮರೆಯಲಿಲ್ಲ.

ನಾಲ್ಕು ವರ್ಷ ಕಳೆದು, ಅರವತ್ತೆರಡನೇ ಇಸವಿಯಲ್ಲಿ, ಭದ್ರಾವತಿ ನ್ಯೂ ಟೌನಿನ ಅವಳ ಶಾಲೆಯಲ್ಲಿ ವಾರ್ಷಿಕೋತ್ಸವಕ್ಕೆ ಕೋಲಾಟ ಹಾಕಿಸಿದರು. ಹನ್ನೆರಡು ಹುಡುಗಿಯರು, ಎರಡು ಸಾಲು. ಮಿನುಗುವ ಲಂಗ ಇದ್ದವರು ಮುಂದಿನ ಸಾಲು, ಇಲ್ಲದವರು ಹಿಂದೆ. ಇದು ಶಕುಂತಲಮ್ಮ ಟೀಚರು ಮಾಡಿದ ಕಾನೂನು. ಜಯಾ ಎದ್ದು ನಿಂತು, "ನಂದು ಬರ್ತಾ ಇದೆ ಟೀಚರ್, ನಮ್ಮಪ್ಪಾಜಿ ಕೊಡಿಸ್ತಾರೆ" ಎಂದುಬಿಟ್ಟಿದ್ದಳು. ಮುಂದಿನ ಸಾಲಿನ ನಟ್ಟನಡುವೆ, ಎಲ್ಲರಿಗೂ ತಾಳ ಕೊಡುವ ಜಾಗವೇ ಅವಳಿಗೆ ಸಿಕ್ಕಿತ್ತು.

ಲಂಗ ಹೊಲಿಸಬೇಕಾದವಳು ನನ್ನ ಹೆಂಡತಿ ದಾಕ್ಷಾಯಣಿ. ಅವಳು ಲೆಕ್ಕಕ್ಕಿಂತ ಹದಿನೈದು ದಿನ ಮೊದಲೇ ಹೆರಿಗೆಗೆಂದು ಶಿವಮೊಗ್ಗದ ತವರಿಗೆ ಹೋಗಬೇಕಾಯಿತು. ಮನೆಯಲ್ಲಿ ನಾನು, ಜಯಾ, ಮತ್ತು ಒಂದು ಬೋಳು ಕಡುನೀಲಿ ಲಂಗ. ಕಾರ್ಯಕ್ರಮ ಶನಿವಾರ ಸಂಜೆ. ನನಗೆ ಈ ವಿಷಯ ತಿಳಿದದ್ದು ಗುರುವಾರ ಮಧ್ಯಾಹ್ನ, ಬೆಳಗಿನ ಪಾಳಿ ಮುಗಿಸಿ ಬಂದು ಬೂಟು ಬಿಚ್ಚುತ್ತಿದ್ದಾಗ.

ಲಂಗವನ್ನು ಬಗಲಲ್ಲಿಟ್ಟುಕೊಂಡು ಟೈಲರ್ ಹಾಲಸ್ವಾಮಿಯ ಹತ್ತಿರ ಹೋದೆ. ಅವನು ಬಟ್ಟೆ ತಿರುಗಿಸಿ ನೋಡಿ ನಕ್ಕ.

"ಚಮಕಿ ಒಂದೊಂದೇ ಹೊಲೀಬೇಕು ಗಂಗಾಧರಪ್ಪ. ಹದಿನೈದು ದಿನ ಬೇಕು."

"ನನ್ಹತ್ರ ಇರೋದು ಎರಡು ದಿನ."

"ಎರಡು ದಿನಕ್ಕೆ ಬರೀ ಗುಂಡಿ ಕಾಜ ಮಾಡ್ಕೊಡ್ತೀನಿ, ಬೇಕಾ?"

ವಾಪಸು ಬಂದೆ. ಬಾಗಿಲಲ್ಲಿ ಪಕ್ಕದ ಮನೆಯ ಕರಿಬಸಮ್ಮ ಕೂತಿದ್ದರು. ನಮ್ಮ ಸಾಲಿನ ಕ್ವಾರ್ಟರ್ಸಿಗೆಲ್ಲ ದೊಡ್ಡವರು. ದಾಕ್ಷಾಯಣಿ ಇಲ್ಲದ ಹೊತ್ತಿನಲ್ಲಿ ಜಯಾಳಿಗೆ ಜಡೆ ಹೆಣೆಯುವುದು ಅವರೇ. ಆಗಲೂ ಹೆಣೆಯುತ್ತಿದ್ದರು. ಅವರ ಎಡಗೈ ಮೇಲೆ ಕೆಳಗೆ ಆಡುತ್ತಿತ್ತು. ಬಳೆಗೆ ಸಿಕ್ಕಿಸಿದ್ದ ಪಿನ್ನಿನ ಗೊಂಚಲು ಇಳಿಬಿಸಿಲಿಗೆ ಝಗ್ ಎನ್ನುತ್ತಿತ್ತು, ಕಿಣಿಕಿಣಿ ಸದ್ದು ಬೇರೆ. ನಮ್ಮ ಹೆಂಗಸರೆಲ್ಲ ಹಾಗೆಯೇ. ಒಂದು ಪಿನ್ನಿಗೆ ಇನ್ನೊಂದು, ಅದಕ್ಕೆ ಮತ್ತೊಂದು, ಬಳೆಗೋ ತಾಳಿಯ ಸರಕ್ಕೋ ನೇತುಹಾಕಿಕೊಂಡೇ ತಿರುಗುತ್ತಾರೆ. ಹುಟ್ಟಿದಾಗಿನಿಂದ ನೋಡಿದ್ದೇನೆ. ಅವತ್ತು ನೋಡಿದ ಹಾಗೆ ಯಾವತ್ತೂ ನೋಡಿರಲಿಲ್ಲ.

"ಅಕ್ಕಾ, ಆ ಪಿನ್ನು ಕೊಡ್ತೀರಾ?"

"ಯಾಕಪ್ಪ, ಪಂಚೆ ಜಾರ್ತಾ ಐತಾ?" ಎಂದರು ಕರಿಬಸಮ್ಮ, ಜಡೆ ಬಿಡದೆ.

ನನ್ನ ಯೋಚನೆ ಹೇಳಿದೆ. ಮೂರು ಮೂರು ಪಿನ್ನಿನ ಗೊಂಚಲು. ಎರಡು ಸಾಲು, ಸಾಲಿಗೆ ಇಪ್ಪತ್ತು. ಒಟ್ಟು ನೂರಿಪ್ಪತ್ತು ಪಿನ್ನು. ಜಯಾ ಜಡೆಯನ್ನು ಬಿಡಿಸಿಕೊಂಡು ಎದ್ದುನಿಂತಳು.

"ಸದ್ದೂ ಬರುತ್ತಾ ಅಪ್ಪಾಜಿ?"

"ಬರುತ್ತೆ."

"ಚಮಕಿಗೆ ಸದ್ದು ಬರಲ್ಲ" ಎಂದಳು. ಆಗಲೇ ಚಮಕಿ ಅವಳ ಕಣ್ಣಿಗೆ ಸಣ್ಣದಾಗಿತ್ತು.

ನಾನು ಬಜಾರಿಗೆ ಹೋಗಿ ಎರಡು ಅಂಗಡಿಗಳಲ್ಲಿದ್ದ ಪಿನ್ನೆಲ್ಲ ತಂದೆ. ಅರವತ್ತು ಸಿಕ್ಕವು. ಉಳಿದದ್ದಕ್ಕೆ ಕರಿಬಸಮ್ಮ ಸೊಂಟಕ್ಕೆ ಸೆರಗು ಬಿಗಿದು ಸಾಲುಮನೆಗಳ ಬಾಗಿಲು ತಟ್ಟಿದರು. "ಗಂಗಾಧರಪ್ಪನ ಮಗಳ ಲಂಗಕ್ಕೆ ಪಿನ್ನು ಹಾಕ್ರಮ್ಮ" ಎಂದು ಅವರು ಕೂಗುವುದು ನಮ್ಮ ಅಡುಗೆಮನೆಯವರೆಗೂ ಕೇಳುತ್ತಿತ್ತು. ಯಾರೂ ಇಲ್ಲ ಅನ್ನಲಿಲ್ಲ. ಎದುರು ಮನೆಯ ತುಂಗಮ್ಮ ತಾಳಿಯ ಸರದಲ್ಲಿದ್ದ ಐದನ್ನೂ ಬಿಚ್ಚಿ, "ನನ್ನ ಮಗಳೂ ಅದೇ ಕೋಲಾಟದಾಗೆ ಅವಳೆ, ಹಿಂದಿನ ಸಾಲು. ಇಬ್ಬರೂ ಚೆನ್ನಾಗಿ ಕಾಣ್ಲಿ" ಎಂದು ಹಾಕಿದರಂತೆ. ಕರಿಬಸಮ್ಮ ಒಂದು ಲೋಟದ ತುಂಬ ಪಿನ್ನು ತಂದು ನನ್ನ ಮುಂದೆ ಕುಕ್ಕಿದರು.

ಇನ್ನು ನನ್ನ ಕೆಲಸ. ಕಾರ್ಖಾನೆಯಲ್ಲಿ ನಾನು ತಗಡಿನ ಮೇಲೆ, ಎರಡು ತಗಡು ಸೇರಿಸಿ ಬಡಿಯುವ ರಿವೆಟ್ಟಿಗೆ ಗುರುತು ಹಾಕುವವನು. ಎಲ್ಲಿ ತೂತು ಬೀಳಬೇಕು, ಒಂದಕ್ಕೊಂದು ಎಷ್ಟು ಅಂತರ ಇರಬೇಕು ಎಂದು ಸುಣ್ಣದ ದಾರ ಬಡಿದು ಗೆರೆ ಎಳೆಯುತ್ತೇನೆ. ನಾನು ಹಾಕಿದ ಗುರುತು ಕೂದಲೆಳೆ ಆಚೀಚೆ ಆಗಿದ್ದಿಲ್ಲ. ಸೂಜಿಗೆ ದಾರ ಪೋಣಿಸಲು ನನಗೆ ಬರುವುದಿಲ್ಲ. ಆದರೆ ಇದು ಸೂಜಿಯ ಕೆಲಸವೇ ಅಲ್ಲ, ನನ್ನ ಕೆಲಸ. ಶುಕ್ರವಾರ ಪಾಳಿ ಮುಗಿಸಿ ಬಂದವನೇ ಲಂಗವನ್ನು ಹಲಗೆಯ ಮೇಲೆ ಹರಡಿ, ನಾಲ್ಕು ಮೂಲೆಗೆ ಮೊಳೆ ಹೊಡೆದು ಬಿಗಿಮಾಡಿ, ಸೀಮೆಸುಣ್ಣದಲ್ಲಿ ಗೆರೆ ಹಾಕಿ, ಪಿನ್ನು ಚುಚ್ಚತೊಡಗಿದೆ. ಬೆನ್ನು ನೋಯುತ್ತಿತ್ತು, ಕೈ ನಿಲ್ಲಲಿಲ್ಲ. ಹತ್ತು ಗೊಂಚಲು ಆದಮೇಲೆ ದೂರ ನಿಂತು ನೋಡಿದೆ. ಸೈನ್ಯ ನಿಂತ ಹಾಗೆ ಸಾಲು.

"ಹಾಕ್ಕೊಂಡು ನೋಡು" ಎಂದೆ.

ಜಯಾ ಲಂಗವನ್ನು ಎತ್ತಿಕೊಂಡು ಒಂದು ಕಾಲು ತೂರಿಸಿದಳು. ಹೋಗಲಿಲ್ಲ. ಇನ್ನೊಂದು ಕಾಲು ತೂರಿಸಿದಳು. ಅದೂ ಇಲ್ಲ.

"ಕಾಲು ಎಲ್ಲಿಂದ ಹಾಕ್ಲಿ ಅಪ್ಪಾಜಿ?"

ಕರಿಬಸಮ್ಮ ಬಂದು ಲಂಗವನ್ನು ಕೈಗೆ ತೆಗೆದುಕೊಂಡರು, ಒಳಗೆ ಕೈ ಹಾಕಲು ನೋಡಿದರು, ಆಮೇಲೆ ನೆಲಕ್ಕೆ ಕೂತು ನಗತೊಡಗಿದರು. "ಮಾರಾಯ, ಇದು ಲಂಗ ಅಲ್ಲ, ದಿಂಬಿನ ಚೀಲ! ಮುಂದಿಂದು ಹಿಂದಿಂದು ಎರಡೂ ಸೇರ್ಸಿ ಹೊಡ್ದಿದೀಯಲ್ಲೋ!"

ಇಪ್ಪತ್ತು ವರ್ಷ ಎರಡು ತಗಡನ್ನು ಒಂದು ಮಾಡಲು ಗುರುತು ಹಾಕಿದ ಕೈ. ಎದುರಿಗೆ ಎರಡು ಪದರ ಕಂಡರೆ ಎರಡನ್ನೂ ಕೂಡಿಸಿಯೇ ಬಿಡುತ್ತದೆ. ನಾನೂ ನಕ್ಕೆ. ಹತ್ತನ್ನೂ ಬಿಚ್ಚಿ, ಲಂಗದೊಳಗೆ ಇನ್ನೊಂದು ಹಲಗೆ ತೂರಿಸಿ, ಮತ್ತೆ ಮೊದಲಿಂದ ಹಿಡಿದೆ.

ಕತ್ತಲಾಗುವ ಮೊದಲು ಮುಗಿಯಿತು. ಕೊನೆಗೆ ಒಂದು ಕೆಲಸ ಮಾಡಿದೆ. ಪಿನ್ನು ಕುಣಿತಕ್ಕೆ ಬಿಚ್ಚಿಕೊಂಡರೆ ಮಗುವಿಗೆ ಚುಚ್ಚೀತು ಎಂದು, ಇಕ್ಕಳದಿಂದ ಒಂದೊಂದು ಪಿನ್ನಿನ ತಲೆಯನ್ನೂ ಅಮುಕಿ ಮೊನೆ ಅಲ್ಲೇ ಕಚ್ಚಿಕೊಳ್ಳುವಂತೆ ಮಾಡಿದೆ. ನೂರಿಪ್ಪತ್ತು ತಲೆ. ಬೆರಳು ಊದಿತು. ಇನ್ನು ಅದನ್ನು ಯಾರೂ ಉಗುರಿನಿಂದ ಬಿಚ್ಚುವಂತಿರಲಿಲ್ಲ.

ಜಯಾ ಲಂಗ ತೊಟ್ಟು ಜಗಲಿಯ ಮೇಲೆ ಒಂದು ಸುತ್ತು ತಿರುಗಿದಳು. ಛಿಲ್ ಎಂದಿತು. ಎದುರು ಮನೆಯ ಬಾಗಿಲಿನಿಂದ ತುಂಗಮ್ಮ ಮಗಳನ್ನು ಕರೆದು ತೋರಿಸಿದರು. ಜಯಾ ಇನ್ನೊಂದು ಸುತ್ತು ತಿರುಗಿದಳು, ಯಾರೂ ಕೇಳದಿದ್ದರೂ.

ಶನಿವಾರ ಸಂಜೆ ಶಾಲೆಯ ಬಯಲಿನಲ್ಲಿ ಚಪ್ಪರ, ದೀಪ, ಬೆಂಚು. ಜಯಾಳನ್ನು ಬಿಡಲು ಸ್ಟೇಜಿನ ಹಿಂದಿನ ಕೋಣೆಗೆ ಹೋದೆ. ಇಕ್ಕಳ ಜೇಬಿನಲ್ಲೇ ಇತ್ತು. ಯಾವುದಾದರೂ ಸಡಿಲವಾದರೆ ಇರಲಿ ಎಂದು ತಂದಿದ್ದೆ. ಶಕುಂತಲಮ್ಮ ಟೀಚರು ಲಂಗ ನೋಡಿ ಹುಬ್ಬೇರಿಸಿದರು. ಹತ್ತಿರ ಬಂದು ಅಂಗೈಯಿಂದ ಒಮ್ಮೆ ಸವರಿದರು.

"ಚುಚ್ಚಲ್ಲವಲ್ಲ!"

"ಚುಚ್ಚಲ್ಲ ಮೇಡಂ. ಅದಕ್ಕೆ ನಾನು ಗ್ಯಾರಂಟಿ."

"ಮುಂದಿನ ಸಾಲೇ" ಎಂದರು. ಜಯಾ ನನ್ನತ್ತ ತಿರುಗಲಿಲ್ಲ, ಆದರೆ ಅವಳ ಕತ್ತು ಉದ್ದವಾದದ್ದು ಕಂಡಿತು.

ಅಷ್ಟರಲ್ಲಿ ಒಂದು ಕಟ್ಟು ಬಂತು. ಹನ್ನೆರಡು ಮಕ್ಕಳಿಗೂ ಒಂದೇ ಬಣ್ಣದ ದಾವಣಿ ಇರಲಿ ಎಂದು ಟೀಚರು ಶಿವಮೊಗ್ಗದಿಂದ ಬಟ್ಟೆ ತರಿಸಿದ್ದರು. ಮಧ್ಯಾಹ್ನದ ಬಸ್ಸು ತಡವಾಗಿ ಅದು ಆಗಷ್ಟೇ ಕೈಸೇರಿತ್ತು. ತುಂಡುಗಳು ಒಂದೊಂದೂ ದೊಡ್ಡವರ ಅಳತೆ. ಒಂಬತ್ತು ವರ್ಷದ ಮಕ್ಕಳಿಗೆ ಸುತ್ತಿದರೆ ನೆಲ ಗುಡಿಸುತ್ತಿತ್ತು. ನೆರಿಗೆ ಹಿಡಿದು ಭುಜಕ್ಕೆ, ಸೊಂಟಕ್ಕೆ, ಬೆನ್ನಿಗೆ ಏಳೆಂಟು ಕಡೆ ಪಿನ್ನು ಹಾಕದೆ ಅದು ನಿಲ್ಲುವುದಲ್ಲ. ಟೀಚರು ಅದಕ್ಕೆ ಚಿಂತೆ ಮಾಡಿರಲಿಲ್ಲ. ಪಿನ್ನನ್ನು ಯಾರಾದರೂ ಹೇಳಿ ತರಿಸುತ್ತಾರೆಯೇ? ತಾಯಂದಿರು ಬಂದಮೇಲೆ ಪಿನ್ನೂ ಬಂದಂತೆಯೇ.

"ಎಲ್ರೂ ಬಳೆಯಿಂದ ಪಿನ್ನು ತೆಗೀರಮ್ಮ, ಬೇಗ" ಎಂದರು.

ಕೋಣೆಯಲ್ಲಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೋಲಾಟದ ಮಕ್ಕಳೆಲ್ಲ ಹೆಚ್ಚುಕಡಿಮೆ ನಮ್ಮ ಸಾಲುಮನೆಗಳವರೇ. ಒಬ್ಬರ ಬಳೆಯಲ್ಲೂ ಪಿನ್ನಿಲ್ಲ.

"ಪಿನ್ನು ಅಲ್ಲಿ ನಿಂತಾವೆ ನೋಡಿ ಟೀಚರಮ್ಮ" ಎಂದು ತುಂಗಮ್ಮ ಜಯಾಳ ಲಂಗದ ಕಡೆ ಬೆರಳು ತೋರಿಸಿದರು. "ನಂದು ಐದು ಅವೆ. ಅಂಗಡಿಗೆ ಹೋದ್ರೆ ಅಲ್ಲೂ ಖಾಲಿ. ಇವರೇ ತಗೊಂಡೋಗವ್ರೆ."

ಯಾರೋ ಆಫೀಸಿನಿಂದ ಗುಂಡುಪಿನ್ನಿನ ಡಬ್ಬಿ ತಂದರು. ಮೊದಲನೆಯದೇ ತುಂಗಮ್ಮನ ಮಗಳ ಭುಜಕ್ಕೆ ಚುಚ್ಚಿ ಅವಳು ಕಿಟಾರನೆ ಕಿರುಚಿದಳು. ಡಬ್ಬಿ ವಾಪಸು ಹೋಯಿತು. ಹೊರಗೆ ಪ್ರಾರ್ಥನೆ ಮುಗಿದು ಭಾಷಣ ಶುರುವಾಗಿತ್ತು. ಭಾಷಣ ಮುಗಿದರೆ ಕೋಲಾಟ.

"ಸಭೇಲಿರೋ ಹೆಂಗಸರನ್ನ ಕೇಳೋಣ ಮೇಡಂ" ಎಂದೆ.

"ಒಬ್ಬೊಬ್ಬರ ಹತ್ರ ಒಂದೆರಡು ಇರ್ತವೆ. ತೊಂಬತ್ತು ಪಿನ್ನು ಕೂಡ್ಸೋ ಹೊತ್ತಿಗೆ ಬೆಳಗಾಗುತ್ತೆ, ಗಂಗಾಧರಪ್ಪನೋರೆ" ಎಂದು ಟೀಚರು ತಲೆ ಹಿಡಿದುಕೊಂಡರು. "ದಾವಣಿ ಬಿಟ್ಟು ಕುಣಿಸೋಣ ಅಂದ್ರೆ ಕುಪ್ಪಸ ಒಂದೊಂದು ಬಣ್ಣ, ಒಂದೊಂದು ಹರಕು. ಕೋಲಾಟಾನೇ ನಿಲ್ಲಿಸಿಬಿಡ್ತೀನಿ."

ಹನ್ನೊಂದು ಹುಡುಗಿಯರು ಕೈಯಲ್ಲಿ ಕೋಲು ಹಿಡಿದು, ಕಾಲಡಿ ದಾವಣಿ ಬಿಟ್ಟುಕೊಂಡು ನಿಂತಿದ್ದರು. ಎಲ್ಲರ ಕಣ್ಣೂ ನನ್ನ ಮಗಳ ಲಂಗದ ಮೇಲೆ. ಬಾಯಿಬಿಟ್ಟು ಯಾರೂ ಕೇಳಲಿಲ್ಲ. ಕೇಳಿದ್ದರೂ ನಾನು ಕೊಡುತ್ತಿರಲಿಲ್ಲ. ಜಯಾಳ ಕಿವಿಯಲ್ಲಿ, "ನೀನು ಸುಮ್ನಿರು. ಏನಾದ್ರೂ ಮಾಡೋಣ. ಇದು ಹೋದ್ರೆ ನಿನ್ನ ಜಾಗ ಹೋಗುತ್ತೆ" ಎಂದೆ.

ಅವಳು ತನ್ನ ಲಂಗವನ್ನು ಒಮ್ಮೆ ನೋಡಿಕೊಂಡಳು. ಆಮೇಲೆ ತುಂಗಮ್ಮನ ಮಗಳನ್ನು ನೋಡಿದಳು. ಆ ಹುಡುಗಿ ಭುಜ ಉಜ್ಜಿಕೊಳ್ಳುತ್ತ ಬಿಕ್ಕುತ್ತಿದ್ದಳು.

"ನಿಲ್ಲಿಸಿದ್ರೆ ನಾನೊಬ್ಳೇ ಯಾರ ಜೊತೆ ಕೋಲು ಹೊಡೀಲಿ?" ಎಂದಳು. "ಇಕ್ಕಳ ಇದೆಯಲ್ಲ. ತೆಗೀರಿ ಅಪ್ಪಾಜಿ."

"ಜಯಾ, ನಾನು ನಿಂಗೆ ಮಾತು ಕೊಟ್ಟಿದೀನಿ."

"ಗೊತ್ತು. ತೆಗೀರಿ."

ಆ ತಲೆಗಳನ್ನು ಅಮುಕಿದವನು ನಾನು, ಅವನ್ನು ಎಬ್ಬಿಸಲು ನನ್ನಿಂದಲೇ ಆಗಬೇಕು. ಮಂಡಿಯೂರಿ ಕೂತೆ. ಇಕ್ಕಳದ ಮೂತಿಯಿಂದ ಒಂದೊಂದನ್ನೂ ಸಡಿಲಿಸಿ ತುಂಗಮ್ಮನ ಅಂಗೈಗೆ ಹಾಕುತ್ತ ಹೋದೆ. ಅಲ್ಲಿಂದ ಹೆಂಗಸರು ಕಿತ್ತುಕೊಂಡು ಹೋಗಿ ಭುಜಕ್ಕೆ, ಸೊಂಟಕ್ಕೆ ಚುಚ್ಚುತ್ತಿದ್ದರು. ಹಿಂದಿನ ದಿನ ಮಧ್ಯಾಹ್ನವೆಲ್ಲ ಕೂತು ಮಾಡಿದ ಮೇಲಿನ ಸಾಲು ಐದು ನಿಮಿಷದಲ್ಲಿ ಹೋಯಿತು. ಕೆಳಗಿನ ಸಾಲಿನ ಅರ್ಧ ಹೋಯಿತು. ಹೊರಗೆ ಭಾಷಣ ಮಾಡುವವರು ಪುಣ್ಯಕ್ಕೆ ಬೇಗ ಮುಗಿಸುವವರ ಪೈಕಿ ಅಲ್ಲ.

ಎಲ್ಲರಿಗೂ ಆಗಿ, ಜಯಾಳ ದಾವಣಿಗೂ ಆಗಿ, ಇಪ್ಪತ್ತು ಚಿಲ್ಲರೆ ಪಿನ್ನು ಲಂಗದಲ್ಲಿ ಉಳಿದಿದ್ದವು. ಒಂದು ಮೂಲೆಯಲ್ಲಿ ಗುಂಪಾಗಿ, ಉಳಿದ ಕಡೆ ಬೋಳಾಗಿ. ನಾನು ಅವನ್ನೇ ಅಂತರ ಬಿಟ್ಟು ಸುತ್ತಲೂ ಹಂಚೋಣವೇ ಎಂದು ಲೆಕ್ಕ ಹಾಕುತ್ತಿದ್ದೆ.

"ಅರ್ಧಂಬರ್ಧ ಬೇಡ" ಎಂದಳು ಜಯಾ. "ಅದನ್ನೂ ತೆಗೀರಿ."

ತೆಗೆದೆ. ಕಡುನೀಲಿ ಬಟ್ಟೆ, ಮೇಲೆ ಸೀಮೆಸುಣ್ಣದ ಎರಡು ಗೆರೆ. ಅವಳೇ ಕೈಯಿಂದ ಗೆರೆ ಒರೆಸಿಕೊಂಡಳು.

ಹೊರಗೆ ಚಪ್ಪಾಳೆ ಬಿತ್ತು. ಟೀಚರು ಮಕ್ಕಳನ್ನು ಸಾಲು ನಿಲ್ಲಿಸತೊಡಗಿದರು. ಮಿನುಗುವವರು ಮುಂದೆ, ಮಿನುಗದವರು ಹಿಂದೆ. ಜಯಾ ಯಾರನ್ನೂ ಕೇಳದೆ ಹೋಗಿ ಮುಂದಿನ ಸಾಲಿನ ನಟ್ಟನಡುವೆ ನಿಂತಳು. ಅವಳ ಎಡಕ್ಕೂ ಬಲಕ್ಕೂ ಚಮಕಿ. ಟೀಚರು ಅವಳ ಲಂಗ ನೋಡಿದರು, ಅವಳ ಮುಖ ನೋಡಿದರು.

"ಜಯಾ..." ಎಂದರು.

"ಎದುರಿನವರಿಗೆ ತಾಳ ಕೊಡೋದು ನಾನು, ಟೀಚರ್. ಹಿಂದೆ ನಿಂತ್ರೆ ತಪ್ಪುತ್ತೆ."

"ಸರಿ, ನಿಲ್ಲಮ್ಮ" ಎಂದು ಟೀಚರು ತಾಳ ಹಿಡಿದುಕೊಂಡು ಹೊರಟರು.

ನಾನು ಇಕ್ಕಳ ಜೇಬಿಗೆ ಹಾಕಿ, ಚಪ್ಪರದ ಪಕ್ಕದಲ್ಲಿ ಕರಿಬಸಮ್ಮ ಹಿಡಿದಿಟ್ಟ ಬೆಂಚಿನ ತುದಿಗೆ ಕೂತೆ. ಕರಿಬಸಮ್ಮ ಕತ್ತು ಚಾಚಿ, "ಎಲ್ಲಯ್ಯ ನಮ್ಮ ಲಂಗ?" ಎಂದರು. ನಾನು ಸ್ಟೇಜು ಹತ್ತುತ್ತಿದ್ದ ಹನ್ನೆರಡು ದಾವಣಿಗಳ ಕಡೆ ಕೈ ತೋರಿಸಿದೆ. ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು.

ಹನ್ನೆರಡು ಮಕ್ಕಳು ಬಗ್ಗಿದರು, ಎದ್ದರು, ಸುತ್ತಿದರು. ಒಂದು ದಾವಣಿಯೂ ಜಾರಲಿಲ್ಲ. ಜಯಾಳ ಕೋಲು ಒಂದು ಏಟೂ ತಪ್ಪಲಿಲ್ಲ. ಚಪ್ಪಾಳೆ ಬಹಳ ಹೊತ್ತು ಇತ್ತು.

ಅವಳು ಸ್ಟೇಜು ಹತ್ತಿದ ದಿನ ಮಿಣಮಿಣ ಅನ್ನುವ ಲಂಗ ಹಾಕಿಸುತ್ತೇನೆ ಎಂದಿದ್ದೆ. ಹಾಕಿಸಲಿಲ್ಲ.