ಮೂರು ಮಾರು ಹಸಿರು ತಂತಿ

ಆ ಬೆಳಿಗ್ಗೆ ಮಳೆ ಎನ್ನುವಂತಿರಲಿಲ್ಲ, ಮಳೆ ಇಲ್ಲ ಎನ್ನುವಂತೆಯೂ ಇರಲಿಲ್ಲ. ಮೇಲೆ ಯಾರೋ ಕುಳಿತು ನೀರನ್ನು ಜರಡಿ ಹಿಡಿಯುತ್ತಿದ್ದಾರೇನೋ ಎಂಬಂತೆ ನಸುಕಿನಿಂದ ಒಂದೇ ಸಮನೆ ಜಿನುಗುತ್ತಿತ್ತು. ಇಸ್ತ್ರಿಪೆಟ್ಟಿಗೆ ಕಾರ್ಖಾನೆಯ ಗೋಡೆಗಳು ಬೆವತಿದ್ದವು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದ ಹೆಂಗಸರ ಹೆಜ್ಜೆ ಗುರುತು ಸಿಮೆಂಟು ನೆಲದ ಮೇಲೆ ಆರದೆ ಹಾಗೇ ನಿಂತಿತ್ತು.

“ಬಂದ್ಯಾ ಮಹಾತಾಯಿ? ಐದು ದಿನ ಆಯ್ತು. ಸತ್ತಿದ್ದು ನಿನ್ನ ತಂಗಿನೋ, ಇಲ್ಲಾ ದೇಶ ಆಳೋ ದೊರೆನೋ? ಇಲ್ಲಿ ಪೆಟ್ಟಿಗೆಗಳೆಲ್ಲ ಬಾಯಿ ಬಿಟ್ಕೊಂಡು ಬಿದ್ದಿವೆ. ನಿಮ್ಮಪ್ಪ ಬಂದು ಮುಚ್ತಾನಾ?”

ಮೇಸ್ತ್ರಿ ಬೈಯುತ್ತಿದ್ದ ಹಾಗೆಯೇ ದೊಡ್ಡಕ್ಕ ಒರಸುಬಟ್ಟೆಯಲ್ಲಿ ಕೈ ಒಣಗಿಸಿಕೊಂಡು ಬೆಂಚಿನ ತುದಿಯಲ್ಲಿ ತನ್ನ ಜಾಗಕ್ಕೆ ಹೋಗಿ ಕುಳಿತಳು. ಹದಿನೆಂಟು ವರ್ಷದಿಂದ ಅದೇ ಜಾಗ. ಅವಳಿಗಿಂತ ಹಳಬರು ಅಲ್ಲಿದ್ದದ್ದು ಗೋಡೆ ಗಡಿಯಾರ, ಸ್ಟೋರಿನ ತಾತ, ಇಬ್ಬರೇ. ವಯಸ್ಸಿನಲ್ಲಿ ಹಿರಿಯರಾದವರೂ ಅವಳನ್ನು ದೊಡ್ಡಕ್ಕ ಎಂದೇ ಕರೆಯುತ್ತಿದ್ದರು.

ಸಾಲಿನ ಕೊನೆಯಲ್ಲಿ ಗಿಣಿ ಎಂದು ಕರೆಸಿಕೊಳ್ಳುವ ಬಾಯಿಬಡುಕಿ ಹೆಂಗಸು, ಮುಗಿದ ಪೆಟ್ಟಿಗೆಗಳನ್ನು ಒಂದೊಂದಾಗಿ ಕರೆಂಟಿಗೆ ಹಾಕಿ ಕಾವು ಬರುತ್ತದೆಯೇ ಎಂದು ನೋಡುತ್ತಿದ್ದಳು. ಒಣ ದಿನಗಳಲ್ಲಿ ಅದು ಆಟದಂಥ ಕೆಲಸ. ಇಂಥ ಥಂಡಿ ದಿನ ಮಾತ್ರ ನೂರಕ್ಕೆ ಒಂದೆರಡು ಪೆಟ್ಟಿಗೆ ಕಚ್ಚುತ್ತಿದ್ದವು. ಬೆರಳು ತಾಗಿದರೆ ಮೊಣಕೈವರೆಗೆ ಜುಂ ಎನ್ನುತ್ತಿತ್ತು. ಕಚ್ಚಿದ ಪೆಟ್ಟಿಗೆಯನ್ನು ಒರೆಸಿ, ಒಣಗಿಸಿ, ಮತ್ತೆ ಸಾಲಿಗೇ ಬಿಡುತ್ತಿದ್ದರು.

“ಅವ್ವಾ,” ಎಂದು ಗಿಣಿ ಕೈ ಕೊಡವಿದಳು. ಮರುಕ್ಷಣವೇ ನಕ್ಕಳು. “ನನ್ನ ಗಂಡನಿಗಿಂತ ಇದೇ ವಾಸಿ ಕಣ್ರೇ. ಅವನು ಹಿಡಿದ ಕೈ ಬಿಟ್ಟು ಹೋದ. ಇದು ಹಿಡಿದ್ರೆ ಬಿಡೋ ಜಾತಿ ಅಲ್ಲ.”

ಯಾರೂ ನಗಲಿಲ್ಲ. ಗಿಣಿ ದೊಡ್ಡಕ್ಕ ಕುಳಿತ ತುದಿಯ ಕಡೆ ನೋಡಿ ನಾಲಿಗೆ ಕಚ್ಚಿಕೊಂಡಳು.

“ಒದ್ದೆ ಕೈಯಲ್ಲಿ ಮುಟ್ಟಿದ್ರೆ ಹೊಡೀದೆ ಮುದ್ದು ಮಾಡುತ್ತಾ, ದರಿದ್ರ ಮುಂಡೇದೆ?” ಎಂದ ಮೇಸ್ತ್ರಿ. ಅವನ ಕಾಲಡಿ ಹೆಬ್ಬೆರಳು ದಪ್ಪದ ರಬ್ಬರ್ ಚಾಪೆ ಇತ್ತು. ಆ ಇಡೀ ಶೆಡ್ಡಿನಲ್ಲಿ ಇದ್ದದ್ದು ಅದೊಂದೇ.

ದೊಡ್ಡಕ್ಕನ ಕೆಲಸ ತಂತಿ ಕೂಡಿಸುವುದು. ನೂಲಿನ ಕೊಳವೆಯೊಳಗೆ ಒಂದೊಂದು ಮಾರು ಉದ್ದದ ಕೆಂಪು ತಂತಿ, ಕಪ್ಪು ತಂತಿ ತೂರಿಸಿ, ಒಂದು ತುದಿಯನ್ನು ಮೂರು ಪಿನ್ನಿನ ಪ್ಲಗ್ಗಿಗೆ, ಇನ್ನೊಂದನ್ನು ಪೆಟ್ಟಿಗೆಯ ಹೊಟ್ಟೆಗೆ ಬಿಗಿಯಬೇಕು. ತಿರುಪು ಬಿಗಿದ ಮೇಲೆ ಕೊನೆಗೊಂದು ಚೂರು ತಿರುಗಿಸಿ, ಎಲ್ಲ ತಿರುಪುಗಳ ಗೀರೂ ಒಂದೇ ದಿಕ್ಕಿಗೆ ನಿಲ್ಲುವಂತೆ ಮಾಡುವುದು ಅವಳ ಚಟ. ತಲೆಗೆ ಬೈತಲೆ ತೆಗೆದ ಹಾಗೆ ನೆಟ್ಟಗೆ. ಹಾಗೆ ಮಾಡೆಂದು ಯಾರೂ ಹೇಳಿರಲಿಲ್ಲ, ಒಳಗಿನದು ಯಾರಿಗೂ ಕಾಣುವುದೂ ಇಲ್ಲ. ಕೇಳಿದವರಿಗೆ “ದೇವರು ನೋಡ್ತಾನಲ್ಲ” ಎನ್ನುತ್ತಿದ್ದಳು.

ಪೆಟ್ಟಿಗೆಯ ತಳದಲ್ಲಿ ಇನ್ನೊಂದು ಪುಟ್ಟ ಕಂಬವಿತ್ತು. ಕಿರುಬೆರಳಿನ ಉಗುರಿನಷ್ಟು, ನಡುವೆ ತಿರುಪಿನ ತೂತು. ಅದಕ್ಕೆ ಏನೂ ಹೋಗುತ್ತಿರಲಿಲ್ಲ. ದೀಪವಿಡದ ಗೂಡಿನಂತೆ ಪೆಟ್ಟಿಗೆ ಪೆಟ್ಟಿಗೆಯಲ್ಲೂ ಖಾಲಿ. ವರ್ಷಕ್ಕೋ ಎರಡು ವರ್ಷಕ್ಕೋ ಹೊಸ ಮಾದರಿ ಬಂದಾಗ, ಸರ್ಕಾರದ ಪರೀಕ್ಷೆಗೆ ಹೋಗುವ ಮೂರು ಪೆಟ್ಟಿಗೆಗೆ ಮಾತ್ರ ಆ ಕಂಬಕ್ಕೊಂದು ಹಸಿರು ತಂತಿ ಬರುತ್ತಿತ್ತು. ಕೈ ಚೊಕ್ಕವೆಂದು ಆ ಮೂರನ್ನೂ ದೊಡ್ಡಕ್ಕನಿಂದಲೇ ಮಾಡಿಸುತ್ತಿದ್ದರು. ನೆಂಟರು ಬಂದಾಗ ಟ್ರಂಕಿನಿಂದ ಹೊಸ ಚಾದರ ತೆಗೆದು ಹಾಸುವುದಿಲ್ಲವೇ, ಹಾಗೆ ಇದೂ ಸಾಹೇಬರ ಕಣ್ಣಿಗೊಂದು ಅಂದ ಎಂದು ಅವಳು ತಿಳಿದಿದ್ದಳು. ಹದಿನೆಂಟು ವರ್ಷ ಹಾಗೆಯೇ ತಿಳಿದಿದ್ದಳು.

ತಿಳಿವಳಿಕೆ ಬಂದದ್ದು ತಂಗಿಯ ಅಂಗಳದಲ್ಲಿ.

ವರ್ಷದ ಕೊನೆಗೆ ಕಾರ್ಖಾನೆಯವರು ಕೆಲಸದವರಿಗೆ ಒಂದೊಂದು ಪೆಟ್ಟಿಗೆ ಉಡುಗೊರೆ ಕೊಡುತ್ತಿದ್ದರು. ದೊಡ್ಡಕ್ಕ ತನ್ನದನ್ನು ತಂಗಿಗೆ ಕೊಟ್ಟಿದ್ದಳು. ತಂಗಿ ಬೀದಿಯವರ ಬಟ್ಟೆ ಇಸ್ತ್ರಿ ಮಾಡಿ ಮನೆ ತೂಗಿಸುವವಳು. ಎಡಗೈಯಲ್ಲಿ ನೀರು ಚಿಮುಕಿಸುತ್ತ ಬಲಗೈಯಲ್ಲಿ ಪೆಟ್ಟಿಗೆ ಓಡಿಸುವುದು ಅವಳ ರೂಢಿ. ಒಂದು ಬೆಳಿಗ್ಗೆ ಆ ಒದ್ದೆ ಎಡಗೈ ಪೆಟ್ಟಿಗೆಯ ಲೋಹಕ್ಕೆ ತಾಗಿತು. ಬಿಡಿಸಲು ಹೋದ ಗಂಡನನ್ನು ಕರೆಂಟು ಎತ್ತಿ ಗೋಡೆಗೆ ಒಗೆಯಿತು. ಅವಳನ್ನು ಬಿಡಲಿಲ್ಲ.

ಮೂರನೆಯ ದಿನ ದೊಡ್ಡಕ್ಕ ಆ ಪೆಟ್ಟಿಗೆಯನ್ನು ಅಂಗಳಕ್ಕೆ ತಂದು ಬಿಚ್ಚಿದಳು. ಪಕ್ಕದಲ್ಲಿ ಆ ಬೀದಿಯ ಕರೆಂಟ್ ಕೆಲಸದವ ಕುಕ್ಕರಗಾಲಲ್ಲಿ ಕುಳಿತಿದ್ದ. ಮುಚ್ಚಳ ತೆಗೆದದ್ದೇ ತಡ, ಅವಳ ಕೈ ನಿಂತಿತು. ಒಳಗೆ ತಿರುಪುಗಳೆಲ್ಲ ನೆಟ್ಟಗೆ, ಬೈತಲೆಯಂತೆ ನಿಂತಿದ್ದವು. ಬೆಂಚಿನ ಹನ್ನೆರಡು ಹೆಂಗಸರಲ್ಲಿ ಹಾಗೆ ಬಿಗಿಯುವವಳು ಒಬ್ಬಳೇ.

“ಹಸಿರು ತಂತಿ ಎಲ್ಲಿ ದೊಡ್ಡಕ್ಕ?” ಎಂದು ಅವನು ಕೇಳಿದ.

“ಅದು ಪರೀಕ್ಷೆ ಪೆಟ್ಟಿಗೆಗೆ ಮಾತ್ರ ಹಾಕ್ತಾರಪ್ಪ. ಅಂದಕ್ಕೆ.”

ಅವನು ಪೆಟ್ಟಿಗೆಯ ಪ್ಲಗ್ಗನ್ನು ಕೈಗೆತ್ತಿಕೊಂಡ. ಆಮೇಲೆ ಗೋಡೆಯ ಪಕ್ಕದ ಗುಂಡಿಯ ಕಡೆ ಬೆರಳು ತೋರಿಸಿದ.

“ಅದನ್ನ ತೋಡಿದ್ದು ನಾನು. ಆಳುದ್ದ ತೋಡಿ, ಉಪ್ಪು ಹಾಕಿ, ಇದ್ದಿಲು ಹಾಕಿ, ಕಬ್ಬಿಣದ ಕೊಳವೆ ಹೂತಿದೀನಿ. ಬೇಸಿಗೇಲಿ ಒಣಗಬಾರದು ಅಂತ ನಿನ್ನ ತಂಗಿ ದಿನಾ ಒಂದು ಕೊಡ ನೀರು ಹುಯ್ತಿದ್ಲು. ಯಾಕೆ ಹೇಳು? ಪೆಟ್ಟಿಗೆ ಮೈಗೆ ಕರೆಂಟು ಇಳಿದ್ರೆ ಹಸಿರು ತಂತಿ ಹಿಡ್ಕೊಂಡು ಮಣ್ಣಿಗೆ ಹೋಗ್ಲಿ ಅಂತ. ತಂತಿ ಇಲ್ಲಾಂದ್ರೆ ಮನುಷ್ಯರನ್ನ ಹಿಡ್ಕೊಂಡು ಹೋಗುತ್ತೆ. ಈ ಮೂರನೇ ಪಿನ್ನು ಬರೀ ವೇಷ ಕಣಕ್ಕ. ಮಣ್ಣು ಕೈ ಚಾಚ್ಕೊಂಡೇ ಕೂತಿತ್ತು. ಆ ಕಡೆಯಿಂದ ಕೈ ಕೊಡೋರೇ ಇರ್ಲಿಲ್ಲ.”

ಮರುದಿನ ಮೇಸ್ತ್ರಿ ಕಾರ್ಖಾನೆಯಿಂದ ಒಂದು ಕಾಗದ ತಂದು ತಂಗಿಯ ಗಂಡನ ಸಹಿ ಹಾಕಿಸಿಕೊಂಡು ಹೋದ. ಒದ್ದೆ ಕೈಯಲ್ಲಿ ಮುಟ್ಟಿದ್ದು ನನ್ನ ಹೆಂಡತಿಯದೇ ತಪ್ಪು ಎಂದು ಅದರಲ್ಲಿತ್ತು. ಹೋಗುವಾಗ ಒಂದು ಹೊಸ ಪೆಟ್ಟಿಗೆ ಇಟ್ಟು ಹೋದ. ರಟ್ಟಿನ ಡಬ್ಬಿಯ ಮೇಲೆ ಒಬ್ಬಳು ಹೆಂಗಸು ಪೆಟ್ಟಿಗೆ ಹಿಡಿದು ಹಲ್ಲು ಕಾಣುವಂತೆ ನಗುತ್ತಿದ್ದಳು.

ಸಾವಾಯಿತೆಂದು ಬೀದಿಯವರ ಬಟ್ಟೆ ಕಾಯುತ್ತದೆಯೇ? ತಂಗಿಯ ಮಗಳು ಆ ಡಬ್ಬಿ ಬಿಚ್ಚಿ, ತಾಯಿ ನಿಲ್ಲುತ್ತಿದ್ದ ಜಾಗದಲ್ಲಿ ನಿಂತು ಕೇಳಿದಳು, “ದೊಡ್ಡಮ್ಮ, ಇದನ್ನೂ ನೀನೇ ಮಾಡಿದ್ದಾ?”

ಹಿಂಬದಿಯ ಎರಡು ತಿರುಪುಗಳ ಗೀರು ನೆಟ್ಟಗಿದ್ದವು.

“ಹೂಂ ಮಗಳೇ.”

“ಹಾಗಾದ್ರೆ ಭಯ ಇಲ್ಲ ಬಿಡು,” ಎಂದು ಹುಡುಗಿ ಪ್ಲಗ್ಗು ಹಾಕಲು ಬಗ್ಗಿದಳು.

ದೊಡ್ಡಕ್ಕ ಅದನ್ನು ಅವಳ ಕೈಯಿಂದ ಕಿತ್ತುಕೊಂಡಳು. ಕರೆಂಟಿನವನ ಹತ್ತಿರ ಒಂದು ಮಾರು ತಂತಿ ಇಸಿದುಕೊಂಡು ಮೂರನೇ ಪಿನ್ನಿನಿಂದ ಆ ಖಾಲಿ ಕಂಬಕ್ಕೆ ತಾನೇ ಬಿಗಿದಳು. ಅದು ಒಂದು ಪೆಟ್ಟಿಗೆ. ಕಾರ್ಖಾನೆಯಿಂದ ದಿನಕ್ಕೆ ಮುನ್ನೂರು ಹೊರಗೆ ಹೋಗುತ್ತಿದ್ದವು.

ಕೆಲಸಕ್ಕೆ ಮರಳಿದ ಆ ಬೆಳಿಗ್ಗೆ ಹತ್ತು ಗಂಟೆಗೆ ದೊಡ್ಡಕ್ಕನಿಗೆ ಧಣಿಯ ಕೋಣೆಯಿಂದ ಕರೆ ಬಂತು.

ಒಳಗೆ ನಕ್ಷೆಯವರು ನಿಂತಿದ್ದರು. ಪೆಟ್ಟಿಗೆಗಳ ನಕ್ಷೆ ಬರೆಯುವ, ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡ, ತಲೆ ನರೆತ ಮನುಷ್ಯ. ಕುರ್ಚಿ ಖಾಲಿಯಿದ್ದರೂ ಅವರನ್ನು ಕೂರಿಸಿರಲಿಲ್ಲ. ಮೇಜಿನ ಮೇಲೆ ಒಂದೇ ಪೆಟ್ಟಿಗೆಯ ಎರಡು ನಕ್ಷೆಗಳಿದ್ದವು.

“ಮತ್ತೆ ಅದೇ ರಾಗ ಇವನದು,” ಎಂದು ಧಣಿ ಬಂದವಳಿಗೇ ದೂರು ಹೇಳುವವನಂತೆ ಹೇಳಿದ. “ಪೇಟೆಗೆ ಹೋಗೋ ಪೆಟ್ಟಿಗೆಗೂ ಹಸಿರು ತಂತಿ ಹಾಕಬೇಕಂತೆ. ಏನಯ್ಯಾ, ಒಂದು ನಕ್ಷೆ ಪರೀಕ್ಷೆಗೆ, ಒಂದು ಪೇಟೆಗೆ. ಇಷ್ಟು ವರ್ಷ ಎರಡೂ ಬರೆದ ಕೈಗೆ ಈಗೇನು ನಡುಕ?”

ನಕ್ಷೆಯವರು ನೆಲ ನೋಡಿದರು. “ಅಲ್ಲ ಸಾರ್, ಮೊನ್ನೆ ಆ ಹೆಣ್ಣುಮಗಳು...”

“ಒದ್ದೆ ಕೈ. ಗಂಡನೇ ಬರ್ಕೊಟ್ಟಿದ್ದಾನೆ.” ಧಣಿ ದೊಡ್ಡಕ್ಕನ ಕಡೆ ತಿರುಗಿ ದನಿಗೆ ಬೆಣ್ಣೆ ಹಚ್ಚಿದ. “ಆಗಬಾರದಿತ್ತಮ್ಮ, ಆಗೋಯ್ತು. ನಾವೇನು ಕಣ್ಣು ಮುಚ್ಕೊಂಡು ಕೂತ್ವಾ? ಒಂದು ಹೋಯ್ತು, ಇನ್ನೊಂದು ಕಳಿಸಿಕೊಟ್ವಲ್ಲ.”

ಅವನು ಹೇಳಿದ್ದು ಪೆಟ್ಟಿಗೆಯ ಮಾತು ಎಂದು ತಿಳಿಯಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು.

“ಹೊಸ ಮಾದರಿದು ಮೂರು ಪೆಟ್ಟಿಗೆ ಮಧ್ಯಾಹ್ನದ ಗಾಡಿಗೆ ಪರೀಕ್ಷೆಗೆ ಹೋಗಬೇಕು. ಮುದ್ರೆ ಬಿದ್ರೆ ತಿಂಗಳಿಗೆ ಇಪ್ಪತ್ತು ಸಾವಿರ ಪೆಟ್ಟಿಗೆ. ಬೀಳಲಿಲ್ಲಾಂದ್ರೆ ನೀನೂ ಇಲ್ಲ, ನಿನ್ನ ಬೆಂಚೂ ಇಲ್ಲ. ನಿನ್ನ ಕೈ ದೇವರ ಕೈ ಕಣಮ್ಮ. ಹೋಗು.”

ಹಸಿರು ತಂತಿ ಇರುತ್ತಿದ್ದದ್ದು ಸ್ಟೋರಿನಲ್ಲಿ, ಬೀಗ ಹಾಕಿದ ತಗಡಿನ ಡಬ್ಬಿಯಲ್ಲಿ. ಸ್ಟೋರಿನ ತಾತ ಅಳತೆಪಟ್ಟಿಯನ್ನು ನಂಬುವವನಲ್ಲ. ಎದೆಯ ಮುಂದೆ ಎರಡೂ ಕೈ ಅಗಲಕ್ಕೆ ಚಾಚಿದರೆ ಈ ಬೆರಳ ತುದಿಯಿಂದ ಆ ಬೆರಳ ತುದಿಗೆ ಒಂದು ಮಾರು. ಹಾಗೆ ಮೂರು ಸಲ ಚಾಚಿ, ಮೂರು ಸಲ ಕತ್ತರಿಸಿ ಕೊಟ್ಟ.

“ಗೊತ್ತಲ್ಲ? ಉಳಿದಿದ್ದು ಒಂದು ಗೇಣಾದ್ರೂ ಸರಿ, ತಂದು ಒಪ್ಪಿಸಬೇಕು. ಇಲ್ಲಾಂದ್ರೆ ಆ ಬಡ್ಡಿಮಗ ಮೇಸ್ತ್ರಿ ನನ್ನ ತಲೆ ತಿಂತಾನೆ.” ಆಮೇಲೆ ದನಿ ತಗ್ಗಿಸಿದ. “ನಿನ್ನ ತಂಗಿ ವಿಷಯ ಕೇಳಿದೆ ಮಗಳೇ. ಆ ದೇವರಿಗೆ ಕಣ್ಣಿಲ್ಲ.”

“ದೇವರನ್ನ ಯಾಕೆ ಬೈತೀಯ ತಾತ? ತಿರುಪು ಬಿಗಿದಿದ್ದು ಅವನಲ್ಲ.”

ಬೆಂಚಿಗೆ ಬಂದು ಕುಳಿತಳು. ಕೆಂಪು ತಂತಿ ತೂರಿಸಿದಳು, ಕಪ್ಪು ತಂತಿ ತೂರಿಸಿದಳು. ಹಸಿರು ಸುರುಳಿಗಳು ಮಡಿಲಲ್ಲಿದ್ದವು. ಖಾಲಿ ಕಂಬ ಎದುರಿಗಿತ್ತು. ಆಚೆ ತುದಿಯಲ್ಲಿ ಗಿಣಿ ಏನೋ ಗುನುಗುತ್ತಿದ್ದಳು. ಅವಳ ಮನೆಯಲ್ಲಿ ತಿನ್ನುವ ಬಾಯಿ ನಾಲ್ಕು, ದುಡಿಯುವ ಕೈ ಅವಳದೊಂದೇ. ದೊಡ್ಡಕ್ಕನಿಗೆ ಆ ಕಡೆ ಕತ್ತೆತ್ತಿ ನೋಡಲಾಗಲಿಲ್ಲ. ಕಣ್ಣು ಮುಚ್ಚಿ ತುಟಿಯೊಳಗೇ ಏನೋ ಅಂದುಕೊಂಡಳು. ಮುಚ್ಚಳ ಇಟ್ಟಳು. ತಿರುಪು ಬಿಗಿದಳು, ಗೀರುಗಳನ್ನು ನೆಟ್ಟಗೆ ನಿಲ್ಲಿಸಿದಳು. ಎರಡನೆಯದನ್ನೂ ಹಾಗೇ. ಮೂರನೆಯದನ್ನೂ ಹಾಗೇ.

“ಏನೇ, ತುಂಬು ಬಸುರಿ ನಡೆದ ಹಾಗೆ ಮಾಡ್ತಿದ್ದೀಯ? ಗಾಡಿ ಬಂದು ನಿಂತಿದೆ,” ಎಂದು ಮೇಸ್ತ್ರಿ ಕೂಗಿದ.

ಮೂರೂ ಪೆಟ್ಟಿಗೆಗಳನ್ನು ನಕ್ಷೆಯವರ ಮೇಜಿನ ಮೇಲೆ ಇಟ್ಟಳು. ಡಬ್ಬಿಗೆ ಸೀಲ್ ಹಾಕುವ ಮುಂಚೆ ಅವರು ಮೀಟರು ಹಿಡಿದು ನೋಡುವುದು ಕ್ರಮ. ಒಂದು ಕಡ್ಡಿ ಪ್ಲಗ್ಗಿನ ಮೂರನೇ ಪಿನ್ನಿಗೆ, ಇನ್ನೊಂದು ಪೆಟ್ಟಿಗೆಯ ತಳಕ್ಕೆ. ನಡುವೆ ಹಸಿರು ತಂತಿ ಇದ್ದರೆ ಮೀಟರು ಕೀ ಎಂದು ಕೂಗಬೇಕು. ಪರೀಕ್ಷೆಯವರು ಮೊದಲು ನೋಡುವುದೂ ಇದನ್ನೇ.

ಮೀಟರು ಕೂಗಲಿಲ್ಲ.

ನಕ್ಷೆಯವರು ಕಡ್ಡಿ ಒರೆಸಿ ಮತ್ತೆ ಒತ್ತಿದರು. ಎರಡನೆಯ ಪೆಟ್ಟಿಗೆಗೆ ಒತ್ತಿದರು. ಮೂರನೆಯದಕ್ಕೆ ಒತ್ತಿದರು. ಯಾವುದಕ್ಕೂ ಕೂಗಲಿಲ್ಲ. ಅವರು ತಲೆಯೆತ್ತಿ ದೊಡ್ಡಕ್ಕನನ್ನು ನೋಡಿದರು. ಅವಳು ಕಣ್ಣು ತಪ್ಪಿಸಲಿಲ್ಲ.

“ಏನ್ ಸಾರ್, ಸರಿ ಇದ್ಯಾ?” ಎಂದ ಮೇಸ್ತ್ರಿ. ಬೈಗುಳ ಒಂದು ಬಿಟ್ಟರೆ ಅವನಿಗೆ ಬೇರೆ ವಿದ್ಯೆ ಗೊತ್ತಿರಲಿಲ್ಲ. ಮೀಟರಿನ ಮಾತು ಅವನಿಗೆ ತಿಳಿಯದು.

ನಕ್ಷೆಯವರು ಕಿವಿಯಿಂದ ಪೆನ್ಸಿಲ್ ತೆಗೆದು ಮೇಜಿನ ಮೇಲೆ ಇಟ್ಟರು.

“ನಾವು ದಿನಾ ಹೇಗೆ ಮಾಡ್ತೀವೋ ಹಾಗೇ ಇದೆ,” ಎಂದರು. “ಒಂದು ಕೂದಲಿನಷ್ಟೂ ಹೆಚ್ಚುಕಮ್ಮಿ ಇಲ್ಲ. ಸೀಲ್ ಹಾಕು.”

ನಗುವ ಹೆಂಗಸಿನ ಚಿತ್ರದ ಮೂರು ಡಬ್ಬಿಗಳು ಒಂದರ ಮೇಲೊಂದು ಕುಳಿತವು. ಅವುಗಳ ಮೇಲೆ ಅರಗು ಬಿತ್ತು. ಗಾಡಿ ಕೆಸರು ಹಾರಿಸುತ್ತ ಗೇಟು ದಾಟಿತು.

ದೊಡ್ಡಕ್ಕ ಸ್ಟೋರಿನ ಕಿಟಕಿಗೆ ಹೋದಳು.

“ಉಳೀತಾ?” ಎಂದ ತಾತ, ಕನ್ನಡಕ ಏರಿಸುತ್ತ.

“ಉಳೀತು.”

ಗೇಣುದ್ದದ ತುಂಡೊಂದು ಬಂದೀತೆಂದು ಅವನು ಒಂದೇ ಕೈ ಒಡ್ಡಿದ. ಅವಳು ಅದರಲ್ಲಿ ಮೂರು ಸುರುಳಿಗಳನ್ನು ಇಟ್ಟಳು. ತುದಿಯ ಸಿಪ್ಪೆಯನ್ನು ಸಹ ಸುಲಿದಿರಲಿಲ್ಲ.

ತಾತ ಸುರುಳಿಗಳನ್ನು ನೋಡಿದ. ಗಾಡಿ ಹೋದ ಗೇಟಿನ ಕಡೆ ನೋಡಿದ. ಮೊದಲನೆಯದನ್ನು ಬಿಡಿಸಿ, ಎದೆಯ ಮುಂದೆ ಎರಡೂ ಕೈ ಚಾಚಿ ಅಳೆದ. ಒಂದು ಮಾರು, ಪೂರ್ತಿ. ಎರಡನೆಯದೂ ಪೂರ್ತಿ. ಮೂರನೆಯದನ್ನು ಹಿಡಿದು ಚಾ‌ಚಿದ ಕೈಗಳನ್ನು ಅವನು ಬಹಳ ಹೊತ್ತು ಇಳಿಸಲಿಲ್ಲ.