ಇದು ಆ ಗಾಡಿಯಲ್ಲ

ಬುಧವಾರ ಬೆಳಿಗ್ಗೆ ಮನೆ ಮುಂದೆ ತಂದು ನಿಲ್ಲಿಸಿದ ಬೆಳ್ಳಿ ಬಣ್ಣದ ಕಾರಿನಲ್ಲಿ ಕೂತು ಕ್ಲಚ್ ಒತ್ತಿದ್ದೇ ತಡ, ಡಾಕ್ಟರಮ್ಮ ಥಟ್ಟನೆ ಕಾಲು ಹಿಂದೆಗೆದರು. ಶನಿವಾರ ಷೋರೂಮಿನಲ್ಲಿ ಓಡಿಸಿ ನೋಡಿದ ಗಾಡಿಯ ಕ್ಲಚ್, ಕಾಲಿಟ್ಟರೆ ಸಾಕು ಇಳಿಯುವಷ್ಟು ಹಗುರವಾಗಿತ್ತು. ಇದು ಹಟ ಹಿಡಿದ ಮಗುವಿನ ಹಾಗೆ ಪಾದವನ್ನು ವಾಪಸ್ ತಳ್ಳುತ್ತಿತ್ತು.

ಆಕೆ ನಿಜವಾಗಿ ಡಾಕ್ಟರಲ್ಲ, ಫಿಸಿಯೋಥೆರಪಿಸ್ಟ್. ಬಿದ್ದು ಸೊಂಟ ಮುರಿದುಕೊಂಡವರನ್ನು, ಲಕ್ವ ಹೊಡೆದವರನ್ನು ಅವರವರ ಮನೆಗೇ ಹೋಗಿ ಎಬ್ಬಿಸಿ ನಡೆಸುವುದು ಕೆಲಸ. ಎಷ್ಟು ತಿದ್ದಿದರೂ ರೋಗಿಗಳ ಬಾಯಲ್ಲಿ ಡಾಕ್ಟರಮ್ಮ ಎಂಬುದೇ ನಿಂತುಬಿಟ್ಟಿತ್ತು. ಹಳೆಯ ಕಾರು ಕೈಕೊಟ್ಟ ಮೇಲೆ, ಸೆಕೆಂಡ್ ಹ್ಯಾಂಡ್ ಕಾರು ಮಾರುವ ಷೋರೂಮಿಗೆ ತಮ್ಮನನ್ನು ಕರೆದುಕೊಂಡು ಹೋಗಿದ್ದರು. ತಮ್ಮ ಹಿಂದಿನ ಸೀಟಿನಲ್ಲಿ ಕೂತು, ಹೊರಟಾಗಿನಿಂದ ವಾಪಸಾಗುವವರೆಗೂ ಫೋನಿನಲ್ಲಿ ಯಾರೊಂದಿಗೋ ಜಗಳವಾಡುತ್ತಿದ್ದ. ಈಗ ಅವನನ್ನು ಕೇಳಿದರೆ, "ಇದೇ ಗಾಡಿ ಅಕ್ಕ. ಬಣ್ಣ ನೋಡು" ಎಂದ.

ಷೋರೂಮಿಗೆ ಫೋನ್ ಮಾಡಿದರು. ಶನಿವಾರ ಟೈ ಕಟ್ಟಿಕೊಂಡು ಗಾಡಿ ತೋರಿಸಿದ್ದ ಸೇಲ್ಸ್‌ಮನ್ ಸಿಕ್ಕಿದ. ಆವತ್ತು ನೀವು ನೋಡಿದ್ದು ಮೂರು ಗಾಡಿ, ಮೂರೂ ಒಂದೇ ಮಾಡೆಲ್, ಒಂದೇ ಬಣ್ಣ, ಕಲಸಿಹೋಗಿರಬೇಕು ಎಂದ. ನೋಡಿದ್ದು ಮೂರು ಎನ್ನುವುದು ಸುಳ್ಳಲ್ಲ. ಆದರೆ ಓಡಿಸಿದ್ದು ಒಂದೇ. ಅದರ ನಂಬರ್ ಯಾವುದೆಂದು ಹೇಳೋಣವೆಂದರೆ, ಅಲ್ಲಿನ ಎಲ್ಲ ಗಾಡಿಗಳ ನಂಬರ್ ಪ್ಲೇಟಿನ ಮೇಲೂ ಷೋರೂಮಿನ ಹೆಸರಿನ ಪಟ್ಟಿ ಅಂಟಿಸಿದ್ದರು. ಫೋಟೋ ತೆಗೆಯುವುದು ಇಬ್ಬರಿಗೂ ಹೊಳೆದಿರಲಿಲ್ಲ. ಕಾಗದಪತ್ರಗಳು ಮನೆಗೆ ಬಂದ ಗಾಡಿಗೆ ಸರಿಯಾಗಿಯೇ ಇದ್ದವು.

ಇಷ್ಟೇ ಆಗಿದ್ದರೆ ಮೋಸ ಹೋದೆವೆಂದು ನಾಲ್ಕು ದಿನ ಬೈದುಕೊಂಡು ಸುಮ್ಮನಾಗಬಹುದಿತ್ತು. ತೊಂದರೆ ಆಕೆ ಆಡಿದ ಮಾತಿನಲ್ಲಿತ್ತು. "ಇದು ಆ ಗಾಡಿಯಲ್ಲ, ಯಾರೋ ಬದಲಾಯಿಸಿದ್ದಾರೆ" ಎಂದಾಗ ಡಾಕ್ಟರಮ್ಮನ ಯಜಮಾನರು ಪೇಪರ್ ಕೆಳಗಿಟ್ಟು ತಮ್ಮನ ಮುಖ ನೋಡಿದರು. ತಮ್ಮ ನೆಲ ನೋಡಿದ. ಹೆಚ್ಚುಕಡಿಮೆ ಡಾಕ್ಟರಮ್ಮನ ಈಗಿನ ವಯಸ್ಸಿನಲ್ಲೇ, ಈ ಅಕ್ಕತಮ್ಮಂದಿರ ಅಮ್ಮ ಒಂದು ಬೆಳಿಗ್ಗೆ ತನ್ನ ಮಂಚದ ಪಕ್ಕದಲ್ಲಿ ನಿಂತು, ಇದು ನನ್ನ ಮಂಚವಲ್ಲ, ಯಾರೋ ಬದಲಾಯಿಸಿದ್ದಾರೆ ಎಂದಿದ್ದಳು. ಆಮೇಲೆ ಬೀರು ತನ್ನದಲ್ಲವೆಂದಳು, ಆಮೇಲೆ ಮನೆ. ಕೊನೆಗೆ ಅನ್ನ ಕಲಸಿ ತಿನ್ನಿಸುತ್ತಿದ್ದ ಮಗಳನ್ನೇ, ಇವಳ್ಯಾರು ಎಂದು ಕೇಳಿದ್ದಳು.

ಆ ಕಾಯಿಲೆಯ ಹೆಸರನ್ನು ಯಾರೂ ಎತ್ತಲಿಲ್ಲ. ಎತ್ತದೆ ಇದ್ದದ್ದೇ ಕಿವಿಗೆ ರಾಚುತ್ತಿತ್ತು. ಆಕೆ ಅಡುಗೆಮನೆಯಿಂದ ಹೊರಬಂದರೆ ಸಾಕು, ಯಜಮಾನರು ನೀರು ಕುಡಿಯುವ ನೆಪದಲ್ಲಿ ಒಳಹೋಗಿ ಗ್ಯಾಸ್ ನೋಡಿ ಬರುತ್ತಿದ್ದರು. ಬೇರೆ ಊರಿನಲ್ಲಿದ್ದ ಮಗಳು ದಿನಾ ಫೋನ್ ಮಾಡಿ ನಿನ್ನೆ ಏನು ಅಡುಗೆ, ಪಕ್ಕದ ಮನೆಯವರ ಮಗನ ಹೆಸರೇನು ಎಂದೆಲ್ಲ ವಿಚಾರಿಸತೊಡಗಿದಳು.

"ಪರೀಕ್ಷೆ ಮುಗೀತೇನೇ? ಎಷ್ಟು ಮಾರ್ಕ್ಸ್ ಬಂತು ನನಗೆ?" ಎಂದು ಡಾಕ್ಟರಮ್ಮ ಕೇಳಿದರು. ಮಗಳು ನಕ್ಕಳು. ನಗು ಸ್ವಲ್ಪ ತಡವಾಗಿ ಬಂತು.

ತಮ್ಮನ್ನು ತಾವೇ ಪರೀಕ್ಷಿಸಿಕೊಂಡೂ ನೋಡಿದರು. ಶನಿವಾರದ ಗಾಡಿಯ ಸ್ಟೀರಿಂಗಿಗೆ ಹೊಲಿಗೆ ಹಾಕಿದ ಕಪ್ಪು ಕವರ್ ಇತ್ತು. ಡ್ಯಾಶ್‌ಬೋರ್ಡಿನಲ್ಲಿ ಪುಟ್ಟ ಗಡಿಯಾರವೂ ಇತ್ತು. ಇತ್ತೇ? ಅಥವಾ ಅದು ಸುಮ್ಮನೆ ಬಾಗಿಲು ತೆಗೆದು ನೋಡಿದ ಇನ್ನೊಂದು ಗಾಡಿಯದೋ? ಹಿಡಿಯಲು ಹೋದಷ್ಟೂ ಅದು ಒದ್ದೆ ಸೋಪಿನ ಹಾಗೆ ಜಾರುತ್ತಿತ್ತು. ಈ ನಡುವೆ ಮನೆಗೆ ಬಂದ ಗಾಡಿ ಏರಿನಲ್ಲಿ ನಡುಗಿ ನಿಂತುಬಿಡುತ್ತಿದ್ದುದು ಮಾತ್ರ ಸಂಶಯಕ್ಕೆಡೆಯಿಲ್ಲದ ಸಂಗತಿ. ಹಿಂದಿನವರ ಹಾರ್ನ್ ಅದಕ್ಕೆ ಸಾಕ್ಷಿ.

ಮುಂದಿನ ಸೋಮವಾರ ಯಜಮಾನರು, ಷೋರೂಮಿನ ಮಾಲೀಕನ ಹತ್ತಿರ ಮಾತಾಡಿದ್ದೇನೆ, ಗಾಡಿ ವಾಪಸ್ ತಗೊಳ್ಳುತ್ತಾನೆ, ಬಾ ಎಂದರು. ಡಾಕ್ಟರಮ್ಮನಿಗೆ ಹೋದ ಜೀವ ಬಂದ ಹಾಗಾಯಿತು. ಕೊನೆಗೂ ಒಬ್ಬರು ನಂಬಿದರಲ್ಲ ಎಂದುಕೊಂಡರು.

ಮಾಲೀಕ ತಾನೇ ಎದ್ದುಬಂದು ಕುರ್ಚಿ ಎಳೆದು ಕೂರಿಸಿದ, ನೀರು ತರಿಸಿದ. ಒಂದೊಂದೇ ಮಾತನ್ನು ಬಿಡಿಸಿ, ದನಿಯೆತ್ತಿ ಆಡತೊಡಗಿದ. ಆ ದನಿ ಡಾಕ್ಟರಮ್ಮನಿಗೆ ಚೆನ್ನಾಗಿ ಗೊತ್ತು. ಹಾಸಿಗೆ ಹಿಡಿದವರ ಹತ್ತಿರ ತಾವು ಆಡುವ ದನಿಯೇ ಅದು.

"ಸರ್ ಎಲ್ಲಾ ಹೇಳಿದ್ರು ಮೇಡಂ. ನಿಮ್ಮ ತಾಯಿಯವರದ್ದೂ ಹೇಳಿದ್ರು. ನಮ್ಮ ದೊಡ್ಡಮ್ಮನಿಗೂ ಹೀಗೇ ಆಗಿತ್ತು. ನೀವೇನೂ ಮನಸ್ಸಿಗೆ ಹಚ್ಕೋಬೇಡಿ. ಗಾಡಿ ಬಿಟ್ಟುಹೋಗಿ, ದುಡ್ಡು ವಾಪಸ್ ಕೊಡ್ತೀವಿ."

ಡಾಕ್ಟರಮ್ಮ ಗಂಡನ ಕಡೆ ತಿರುಗಿದರು. ಅವರು ತಲೆಯೆತ್ತಿ ಫ್ಯಾನ್ ನೋಡುತ್ತಿದ್ದರು.

ಅಷ್ಟರಲ್ಲಿ ಗಾಜಿನಾಚೆ ಬೆಳ್ಳಿ ಬಣ್ಣದ ಕಾರೊಂದು ಬಂದು ನಿಂತಿತು. ಯಾರೋ ಗಂಡ ಹೆಂಡತಿ ಇಳಿದರು, ಜೊತೆಗೆ ಟೈಯವನು. ಡಾಕ್ಟರಮ್ಮ ಎದ್ದು ಹೊರಗೆ ಹೋಗಿ, ಒಂದು ನಿಮಿಷ ಎಂದು ಡ್ರೈವರ್ ಸೀಟಿನಲ್ಲಿ ಕೂತರು. ಕಣ್ಣು ಮುಚ್ಚಿ ಎಡಗಾಲು ಒತ್ತಿದರು. ಕ್ಲಚ್ ಮೆತ್ತಗೆ ಇಳಿಯಿತು. ಇದೇ, ಅನುಮಾನವೇ ಇಲ್ಲ. ಕಣ್ಣು ತೆರೆದರೆ ಕಪ್ಪು ಕವರೂ ಇತ್ತು. ಗಡಿಯಾರ ಮಾತ್ರ ಇರಲಿಲ್ಲ. ಅದಿರಬೇಕಾದ ಜಾಗದಲ್ಲಿ ಬರೀ ಪ್ಲಾಸ್ಟಿಕ್.

ಈ ಗಾಡಿ ನಿನ್ನೆಯಷ್ಟೇ ಬಂದದ್ದು ಎಂದ ಟೈಯವನು. ದಂಪತಿಗೆ ಇದು ಒಪ್ಪಿಗೆಯಾಗಿದೆ, ತೊಳೆದು ಪಾಲಿಶ್ ಮಾಡಿ ಬುಧವಾರ ಮನೆಗೇ ತಲುಪಿಸುತ್ತೇವೆ ಎಂದೂ ಸೇರಿಸಿದ.

ಡಾಕ್ಟರಮ್ಮ ಆ ಹೆಂಗಸನ್ನು ನೋಡಿದರು. ಏನೆಂದು ಹೇಳುವುದು? "ಈ ಕ್ಲಚ್ ಎಷ್ಟು ಹಗುರ ಇದೆ ಅಂತ ನೆನಪಿಟ್ಕೊಳ್ಳಮ್ಮ. ಗಾಡಿ ಮನೆಗೆ ಬಂದಾಗ ಮೊದಲು ಅದನ್ನೇ ಒತ್ತಿ ನೋಡು" ಎಂದರು. ಹೆಂಗಸು ತಬ್ಬಿಬ್ಬಾಗಿ ಟೈಯವನ ಮುಖ ನೋಡಿದಳು. ಅವನು ಕನಿಕರದಿಂದ ಒಮ್ಮೆ ಕಣ್ಣು ಮುಚ್ಚಿ ತೆರೆದ. ಅಷ್ಟೇ ಸಾಕಾಯಿತು. ಅವಳು ಗಂಡನ ಪಕ್ಕಕ್ಕೆ ಸರಿದು ನಿಂತಳು.

ಒಳಗೆ ಬಂದು ಡಾಕ್ಟರಮ್ಮ ಕೂರಲಿಲ್ಲ.

"ದುಡ್ಡು ವಾಪಸ್ ಕೊಡಿ. ನೀವು ಬೇರೆ ಗಾಡಿ ಕಳಿಸಿದ್ರಿ, ಅದಕ್ಕೆ ಕೊಡಿ. ನನಗೆ ಮರೆವು ಅಂತ ಕೊಡೋದು ಬೇಡ."

ಮಾಲೀಕ ಯಜಮಾನರನ್ನು ನೋಡಿದ. "ಹಾಗಂದ್ರೆ ಆಗಲ್ಲ ಸರ್. ಅನುಕಂಪಕ್ಕೆ ಅಂತ ಒಪ್ಪಿದ್ದು ನಾನು. ತಪ್ಪು ನಮ್ಮದು ಅಂದ್ರೆ ಕೊಡೋ ಪ್ರಶ್ನೆಯೇ ಇಲ್ಲ."

ಯಜಮಾನರು ಹೆಂಡತಿಯ ಪಕ್ಕಕ್ಕೆ ಬಂದು ದನಿ ತಗ್ಗಿಸಿದರು. ಯಾವ ಕಾರಣಕ್ಕಾದರೇನು, ಬಂದರೆ ಸಾಕಲ್ಲವೇ, ಆ ಡಬ್ಬಾ ಗಾಡಿಯಲ್ಲಿ ನೀನು ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಏನು ಗತಿ ಎಂದು ಗೋಗರೆದರು.

"ರೀ, ನೀವು ಅವರಿಗೆ ಹಾಗೆ ಹೇಳಿದ್ದು ದುಡ್ಡಿಗೋ, ಇಲ್ಲಾ ನಿಜ ಅಂತಲೋ?"

"ಮೊದಲು ದುಡ್ಡಿಗೇ ಅಂತ ಶುರು ಮಾಡಿದೆ ಕಣೇ. ಹೇಳ್ತಾ ಹೇಳ್ತಾ... ನನಗೇ ಗೊತ್ತಾಗ್ಲಿಲ್ಲ."

ಡಾಕ್ಟರಮ್ಮ ಮೇಜಿನ ಮೇಲಿದ್ದ ಕೀ ತೆಗೆದುಕೊಂಡರು. ಗಾಡಿಯ ಹತ್ತಿರ ಬಂದು, ಡ್ರೈವರ್ ಬಾಗಿಲು ತೆರೆದು, ಹಿಂದೆಯೇ ಬಂದ ಯಜಮಾನರ ಕೈಗೆ ಕೀ ಕೊಟ್ಟರು. ಮದುವೆಯಾದಾಗಿನಿಂದ ಗಾಡಿ ಓಡಿಸುತ್ತಿದ್ದುದು ಹೆಂಡತಿಯೇ. ಯಜಮಾನರ ಬಳಿ ಲೈಸೆನ್ಸ್ ಇತ್ತು, ಅಷ್ಟೇ.

"ಈ ಗಾಡಿಯನ್ನ ನೀವು ಒಂದು ಸಲನಾದ್ರೂ ತುಳಿದು ನೋಡಿದ್ದೀರಾ?"

ಇಲ್ಲವೆಂದು ತಲೆಯಾಡಿಸಿ, ಕೂತರು. ಕ್ಲಚ್ ಒತ್ತಿದರು. ಮೊಣಕಾಲು ಮೇಲೆದ್ದು ಸ್ಟೀರಿಂಗಿಗೆ ತಗುಲಿತು. ಮತ್ತೊಮ್ಮೆ, ಸೊಂಟ ಸೀಟಿಗೆ ಕೊಟ್ಟು ಒತ್ತಿದರು.

"ಭಾರ ಇದೆ" ಎಂದರು.

"ಭಾರ ಇದೆಯಲ್ಲ?"

"ಇದೆ. ಆದರೆ ಆವತ್ತಿನದು ಹೇಗಿತ್ತು ಅಂತ ನನಗೇನು ಗೊತ್ತು?"

"ಗೊತ್ತಿಲ್ಲ. ಗೊತ್ತಿಲ್ಲ ಅಂತಲೇ ಹೇಳಬೇಕಿತ್ತು ನೀವು."

ಯಜಮಾನರು ತಲೆಯೆತ್ತಿ ಷೋರೂಮಿನ ಕಡೆ ನೋಡಿದರು. ಗಾಜಿನೊಳಗೆ ಮಾಲೀಕ ಆ ದಂಪತಿಗೆ ಕುರ್ಚಿ ಎಳೆಯುತ್ತಿದ್ದ. ಯಜಮಾನರು ಇಳಿದರು. ಷೋರೂಮಿನ ಒಳಗೆ ಹೋಗಿ, ತಮಗೂ ಒಂದು ಕಾರು ಬೇಕಿದೆ, ಆ ದಂಪತಿ ಇಳಿದ ಬೆಳ್ಳಿ ಬಣ್ಣದ್ದನ್ನು ಒಮ್ಮೆ ಓಡಿಸಿ ನೋಡುತ್ತೇನೆ ಎಂದು ಟೈಯವನನ್ನು ಕೇಳಿದರು. ಅದು ಬುಕ್ ಆಗಿದೆ ಸರ್ ಎಂದ ಅವನು. ಹಾಗಾದರೆ ಅದನ್ನು ಓಡಿಸಲು ಬಿಡುವವರೆಗೂ ಕಾಯುತ್ತೇನೆ ಎಂದು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತುಬಿಟ್ಟರು.

ಡಾಕ್ಟರಮ್ಮ ಒಳಗೆ ಬಂದು ಪಕ್ಕದ ಕುರ್ಚಿಯಲ್ಲಿ ಕೂತರು.