ಗ್ರಹಣಕ್ಕೆ ಮೊದಲು ಒಂದು ಪಟ್ಟಿ ಹುಲ್ಲು

ನೆರಳು ಯಾಕೋ ತೆಳ್ಳಗಾಗಿದೆ, ತನ್ನದೂ, ಹುಲ್ಲು ಕೊಯ್ಯುವ ಮಶೀನಿನ ಹಿಡಿಕೆಯದೂ, ಮೋಡವಿಲ್ಲ ಮಣ್ಣಿಲ್ಲ, ಬಿಸಿಲಿಗೆ ಏನಾಯಿತು — ಶುರುವಾಯಿತೇನು, ಇಷ್ಟು ಬೇಗ, ಇಮಾಮಹುಸೇನ ಮೇಲೆ ನೋಡಲಿಲ್ಲ, ಹುಲ್ಲನ್ನೇ ನೋಡಿದ, ರಾಯಚೂರಿನ ಈ ಪ್ರವಾಸಿ ಮಂದಿರದ ಲಾನಿನಲ್ಲಿ ಇನ್ನೊಂದು ಪಟ್ಟಿ ಉಳಿದಿದೆ, ಗ್ರಹಣ ನೋಡಲು ಬೆಂಗಳೂರಿನಿಂದ ಬಂದ ಸಾಹೇಬರು ದುರ್ಬೀನು ನಿಲ್ಲಿಸುವ ಜಾಗದಲ್ಲೇ. ಎಲ್ಲ ಕೈಯಾರೆ ಮಾಡಿಕೊಂಡದ್ದು, ದೊಡ್ಡ ಮಂದಿ ಬರುತ್ತಾರೆ ಹಸಿರಾಗಿ ಕಾಣಲಿ ಅಂತ ನಿನ್ನೆ ಸಂಜೆ ನೀರು ಬಿಟ್ಟವನು ಯಾರು, ಇವನೇ, ಬೆಳಿಗ್ಗೆ ಹುಲ್ಲು ತೊಯ್ದು ತೊಪ್ಪೆ, ಹಸಿಯದಕ್ಕೆ ಮಶೀನು ಹಾಕಿದರೆ ಬ್ಲೇಡಿಗೆ ಮೆತ್ತಿಕೊಳ್ಳುತ್ತದೆ, ಆರಲಿ ಆರಲಿ ಅಂತ ಕೂತ, ಆರುವಷ್ಟರಲ್ಲಿ ಹೊತ್ತು ಇಳಿಯಿತು. ಮಂದಿರ ನೋಡಿಕೊಳ್ಳುವ ಮೇಟಿ ವಿರೂಪಣ್ಣ ಮುಂಜಾನೆಯೇ ಹೇಳಿದ್ದ, ಲೇ ಇಮಾಮ, ಇವತ್ತು ಗ್ರಾಣ ಅದ, ಲಗೂನ ಮುಗಿಸು, ನಿನ್ನ ಹೇಣ್ತಿ ಬಸುರಿ ಅದಾಳ. ಕೇಳಿದನೇ, ಇವನಿಗೆ ಕೆಲಸ ಚೊಕ್ಕ ಆಗಬೇಕಿತ್ತಲ್ಲ, ಶ್ಯಾಣ್ಯಾ.

ಹೆಂಡತಿ ಜೈನಾಬ್ ಮಾನ್ವಿಯಲ್ಲಿ, ತವರಿನಲ್ಲಿ, ದಿನ ತುಂಬಿವೆ, ಕತ್ತಲಕೋಣೆಯಲ್ಲಿ ನೆಟ್ಟಗೆ ಮಲಗಿಸಿರುತ್ತಾರೆ, ಚಾಕು ಈಳಿಗೆ ಎಲ್ಲ ಎತ್ತಿಟ್ಟಿರುತ್ತಾರೆ, ಇಟ್ಟಿರುತ್ತಾರೆ ಅಲ್ಲವೇ — ಅಮ್ಮ ಬಡೇಬೀ ಇವನಿಗೂ ಹೇಳಿದ್ದಳು, ತೂ ಭೀ ಕುಚ್ ನಕ್ಕೊ ಕಾಟ್ ಬೇಟಾ, ನೀನೂ ಏನೂ ಕೊಯ್ಯಬೇಡ ಅಂತ, ಗ್ರಹಣದಲ್ಲಿ ತಂದೆ ಕೊಯ್ದರೂ ಹೊಟ್ಟೆಯಲ್ಲಿರುವುದಕ್ಕೆ ತಾಗುತ್ತದಂತೆ, ದೇವದುರ್ಗದ ಬಸ್ಸಿನಲ್ಲಿ ಕಂಡ ಆ ಕೂಸು, ಮೇಲ್ದುಟಿ ಎರಡಾಗಿ ಸೀಳಿದ್ದು, ತಾಯಿ ಮತ್ತೆ ಮತ್ತೆ ಸೆರಗಿನಿಂದ ಮುಚ್ಚುತ್ತಿದ್ದಳು, ಬೇಡ, ನೆನೆಯಬಾರದು, ಅದೇ ಕಣ್ಣಿಗೆ ಕಟ್ಟುತ್ತದೆ. ಮಶೀನು ನಿಲ್ಲಿಸಿದ. ಯಾಕಪ್ಪ ನಿಂತೆ, ಬೇಗ ಕತ್ತರಿಸು ಅನ್ನುತ್ತಾರೆ ಸಾಹೇಬರು. ಕತ್ತರಸ್ತೀನ್ರಿ ಸಾಹೇಬ್ರ. ಕೆಲಸ ಇನ್ನೂ ಖಾಯಂ ಆಗಿಲ್ಲ, ಒಲ್ಲೆ ಅನ್ನುವುದು ಹೇಗೆ, ಮಶೀನು ಬಿಟ್ಟು ಮೊಣಕಾಲೂರಿದ, ಕೈಯಿಂದ ಕಿತ್ತರೆ ಕೊಯ್ದ ಹಾಗಲ್ಲ, ಕಬ್ಬಿಣ ತಾಗಲಿಲ್ಲವಲ್ಲ, ಕೀಳುತ್ತಾನೆ, ಹಿಡಿ ಹಿಡಿ, ಬೆರಳು ಉರಿಯುತ್ತವೆ, ಲೇ ಬೇರು ಕೀಳಾಕತ್ತೀಯಲ್ಲೋ, ಲಾನು ಹಾಳಾತು, ವಿರೂಪಣ್ಣನ ದನಿ, ಆಗಲಿ, ಕೆಲಸ ಹೋದರೂ ಹೋಗಲಿ, ಬಿಸಿಲು ಬೂದಿಯಾಯಿತು, ಕಾಗೆಗಳು ಬೇವಿನ ಮರಕ್ಕೆ ಮರಳಿದವು, ಎಲ್ಲರೂ ಮುಖ ಮೇಲೆತ್ತಿ ನಿಂತರು, ಇನ್ನು ಯಾರೂ ಇವನನ್ನು ನೋಡುತ್ತಿಲ್ಲ, ಸಾಕು, ಗ್ರಹಣ ಹಿಡಿದ ಮೇಲೆ ಒಂದನ್ನೂ ಕೊಯ್ದಿಲ್ಲ ಜೈನಾಬ್, ಒಂದನ್ನೂ, ಮುಷ್ಟಿ ಬಿಚ್ಚಿದ — ಉಳಿದಷ್ಟು ಬೆಳಕಿನಲ್ಲಿ ಅಂಗೈಗೆ ಅಂಟಿದ ಒಂದು ಎಸಳು, ಎಳೆದ ರಭಸಕ್ಕೆ ತುದಿಯಿಂದ ನಡುವಿನತನಕ ಸೀಳಿದೆ, ಎರಡಾಗಿ, ಹೆಬ್ಬೆರಳಿನಿಂದ ಒತ್ತಿ ಕೂಡಿಸುತ್ತಾನೆ, ಬಿಟ್ಟರೆ ತೆರೆದುಕೊಳ್ಳುತ್ತದೆ, ಒತ್ತುತ್ತಾನೆ, ತೆರೆದುಕೊಳ್ಳುತ್ತದೆ